ಲಕ್ಷಣ ನೋಡುವ ಕಣ್ಣು: ತುಮಕೂರು ರಸ್ತೆಯ ಸೀಮೆಯಲ್ಲಿ ಮದರ್‌ಬೋರ್ಡ್ ಪರೀಕ್ಷೆಯ ಚರಿತ್ರೆ

ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಸಂಕ್ರಾಂತಿಯ ಸುಮಾರಿಗೆ ದನಗಳ ಜಾತ್ರೆ ಸೇರುತ್ತದೆ. ಅಲ್ಲಿ ಎತ್ತು ಕೊಳ್ಳಬಂದವನು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಹಾಲುಹಲ್ಲೋ, ಎರಡು ಹಲ್ಲೋ, ಬಾಯಿಗೂಡಿದೆಯೋ ಎಂಬುದು ತಿಳಿದ ಮೇಲೆ ಅವನ ಕಣ್ಣು ಸುಳಿ, ಗೊರಸು, ಬೆನ್ನುಗಳ ಕಡೆಗೆ ಹೊರಳುತ್ತದೆ. ಕೊನೆಗೆ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಬೆಲೆಯ ಮಾತು ವಸ್ತ್ರದ ಮರೆಯಲ್ಲಿ, ಬೆರಳುಗಳ ನಡುವೆ ನಡೆಯುತ್ತದೆ. ಈ ವಿದ್ಯೆಯನ್ನು ಕುರಿತು ಕನ್ನಡ ಜಾನಪದ ಅಧ್ಯಯನ ತಕ್ಕಮಟ್ಟಿಗೆ ಗಮನ ಹರಿಸಿದೆ. ಚಾಲುಕ್ಯ ವಂಶದ ಕೀರ್ತಿವರ್ಮನ ‘ಗೋವೈದ್ಯ’ದಂತಹ ಶಾಸ್ತ್ರಗ್ರಂಥವನ್ನೂ ಹಳ್ಳಿಯ ದಲ್ಲಾಳಿಯ ಮಾತನ್ನೂ ಒಟ್ಟಿಗೆ ಇಟ್ಟು ನೋಡುವ ಪದ್ಧತಿ ನಮ್ಮ ವಿದ್ವತ್ತಿನಲ್ಲಿ ಹೊಸದೇನಲ್ಲ. ಆದರೆ ಅದೇ ಹೆದ್ದಾರಿಯಲ್ಲಿ ಬೆಂಗಳೂರಿನ ಕಡೆಗೆ ಬಂದರೆ ಸಿಗುವ ನೆಲಮಂಗಲ, ಮಾದನಾಯಕನಹಳ್ಳಿ, ಮಾದಾವರ, ಪೀಣ್ಯಗಳಲ್ಲಿ ಕಳೆದ ನಾಲ್ಕು ದಶಕಗಳಿಂದ ಬೆಳೆದಿರುವ ಇನ್ನೊಂದು ಬಗೆಯ ಪರೀಕ್ಷಾಜ್ಞಾನದ ಕಡೆಗೆ ಈ ಅಧ್ಯಯನಕ್ಷೇತ್ರ ಕಣ್ಣೆತ್ತಿಯೂ ನೋಡಿಲ್ಲ. ಮೇಜಿನ ಗಣಕದ ಮದರ್‌ಬೋರ್ಡನ್ನು ನೋಡಿ, ಮುಟ್ಟಿ, ಹಚ್ಚಿ, ಅದರ ಯೋಗ್ಯತೆಯನ್ನು ಅಳೆಯುವ ವಿದ್ಯೆ ಅದು. ಪ್ರಸ್ತುತ ಲೇಖನ ಆ ವಿದ್ಯೆಯ ಚರಿತ್ರೆಯನ್ನು ಗುರುತಿಸುವ ಪ್ರಯತ್ನವಾಗಿದೆ.

ಮದರ್‌ಬೋರ್ಡ್ ಎಂದರೆ ಗಾಜಿನ ನಾರು ಮತ್ತು ಎಪಾಕ್ಸಿ ರಾಳದಿಂದ ಮಾಡಿದ ಒಂದು ಹಲಗೆ. ಇಂದು ಬಳಕೆಯಲ್ಲಿರುವ ಎಟಿಎಕ್ಸ್ ಅಳತೆಯದು ೩೦೫ ಮಿಲಿಮೀಟರ್ ಉದ್ದ, ೨೪೪ ಮಿಲಿಮೀಟರ್ ಅಗಲ ಇರುತ್ತದೆ. ಅದರ ಒಳಪದರಗಳಲ್ಲಿ ತಾಮ್ರದ ಗೆರೆಗಳು ಹರಿದಿರುತ್ತವೆ. ಮೇಲ್ಮೈಯಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ಟು, ರ್‍ಯಾಮ್ ಮತ್ತು ಇತರ ಕಾರ್ಡುಗಳನ್ನು ಚುಚ್ಚುವ ಸ್ಲಾಟುಗಳು, ಹಿಂಬದಿಯಲ್ಲಿ ಹೊರಗಿನ ಉಪಕರಣಗಳಿಗೆ ಬೇಕಾದ ಪೋರ್ಟುಗಳು ಇರುತ್ತವೆ. ಗಣಕದ ಯಾವ ಭಾಗವೂ ಈ ಹಲಗೆಯನ್ನು ಬಿಟ್ಟು ಇನ್ನೊಂದರೊಡನೆ ಮಾತನಾಡಲಾರದು. ಈ ಕಾರಣದಿಂದಲೇ ಇದಕ್ಕೆ ತಾಯಿಯ ಹೆಸರು ಬಂದಿರಬೇಕು. ಮುಖ್ಯ ಹಲಗೆ ತಾಯಿಯಾದರೆ ಅದಕ್ಕೆ ಚುಚ್ಚುವ ಚಿಕ್ಕ ಹಲಗೆ ಮಗಳು, ಅಂದರೆ ಡಾಟರ್‌ಬೋರ್ಡು. ಕುತೂಹಲದ ಸಂಗತಿಯೆಂದರೆ ತಯಾರಕ ಸಂಸ್ಥೆಗಳು ಈ ಬಂಧುವಾಚಕಕ್ಕೆ ಅಷ್ಟಾಗಿ ಒಲಿಯಲಿಲ್ಲ. ಐಬಿಎಂ ತನ್ನ ಕೈಪಿಡಿಗಳಲ್ಲಿ ‘ಸಿಸ್ಟಂ ಬೋರ್ಡ್’ ಎಂದಿತು, ಆಪಲ್ ಸಂಸ್ಥೆ ‘ಲಾಜಿಕ್ ಬೋರ್ಡ್’ ಎಂದಿತು, ಇಂಟೆಲ್ ತನ್ನ ಬೋರ್ಡುಗಳನ್ನು ‘ಡೆಸ್ಕ್‌ಟಾಪ್ ಬೋರ್ಡ್’ ಎಂದು ಮಾರಿತು. ಅಂಗಡಿ, ಕಾರ್ಯಾಗಾರಗಳ ಜನ ಮಾತ್ರ ತಾಯಿಯನ್ನು ಬಿಡಲಿಲ್ಲ. ಕನ್ನಡದಲ್ಲಿ ‘ಮಾತೃಫಲಕ’, ‘ತಾಯಿಹಲಗೆ’ ಎಂಬ ರೂಪಗಳನ್ನು ಪಠ್ಯಗಳಲ್ಲಿ ಕಾಣಬಹುದಾದರೂ ಬೆಂಗಳೂರಿನ ಯಾವ ಮೆಕ್ಯಾನಿಕ್ಕನ ಬಾಯಲ್ಲೂ ಅವು ಕೇಳಿಬರುವುದಿಲ್ಲ. ಅಲ್ಲಿ ಅದು ‘ಬೋರ್ಡು’, ಹೆಚ್ಚೆಂದರೆ ‘ಮದರ್‌ಬೋರ್ಡು’. ವೃತ್ತಿಪದಕೋಶ ರಚಿಸುವವರು ಗಮನಿಸಬೇಕಾದ ಅಂತರ ಇದು.

ಬೆಂಗಳೂರು ಸೀಮೆಯಲ್ಲಿ ವಿದ್ಯುನ್ಮಾನ ಹಲಗೆಯನ್ನು ಪರೀಕ್ಷಿಸುವ ಕಣ್ಣು ಮೊದಲು ತಯಾರಾದುದು ಅಂಗಡಿಯಲ್ಲಲ್ಲ, ಸಾರ್ವಜನಿಕ ಕಾರ್ಖಾನೆಗಳಲ್ಲಿ. ೧೯೪೮ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ೧೯೫೪ರಲ್ಲಿ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಆರಂಭವಾದವು. ಇವುಗಳ ಜೋಡಣಾ ವಿಭಾಗಗಳಲ್ಲಿ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿ ದುಡಿದರು. ಬೆಸುಗೆ ಹೊಳೆಯುತ್ತಿದೆಯೇ, ಮಂಕಾಗಿದೆಯೇ, ತವರ ತಂತಿಯ ಸುತ್ತ ಪೂರ್ತಿ ಹರಿದಿದೆಯೇ, ಅರ್ಧಕ್ಕೇ ನಿಂತು ‘ಒಣ ಬೆಸುಗೆ’ಯಾಗಿದೆಯೇ ಎಂಬುದನ್ನು ಭೂತಗನ್ನಡಿಯ ಕೆಳಗೆ ಗುರುತಿಸುವುದು ಅಲ್ಲಿನ ನಿತ್ಯದ ಕೆಲಸವಾಗಿತ್ತು. ವಿದ್ಯುನ್ಮಾನ ಉದ್ಯಮಕ್ಕೆ ಐಪಿಸಿ-ಎ-೬೧೦ ಎಂಬ ಅಂತಾರಾಷ್ಟ್ರೀಯ ಮಾನಕವೊಂದಿದೆ. ಒಳ್ಳೆಯ ಬೆಸುಗೆ ಯಾವುದು, ಒಪ್ಪಬಹುದಾದುದು ಯಾವುದು, ತಳ್ಳಬೇಕಾದುದು ಯಾವುದು ಎಂಬುದನ್ನು ಅದು ಚಿತ್ರಗಳ ಸಹಿತ ವಿಂಗಡಿಸುತ್ತದೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಅದೊಂದು ಲಕ್ಷಣಗ್ರಂಥ. ಆದರೆ ಗ್ರಂಥವನ್ನು ಓದಿ ಯಾರಿಗೂ ಕಣ್ಣು ಬರುವುದಿಲ್ಲ. ಪಕ್ಕದಲ್ಲಿ ಕುಳಿತವರು ತೋರಿಸಿಕೊಡಬೇಕು.

ಪೀಣ್ಯದ ಹೆಸರು ಈ ಚರಿತ್ರೆಯಲ್ಲಿ ಮೊದಲು ಬರುವುದು ಉಪಗ್ರಹವೊಂದರ ನಿಮಿತ್ತವಾಗಿ. ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಯು.ಆರ್. ರಾವ್ ಅವರ ನೇತೃತ್ವದ ತಂಡ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ನಿರ್ಮಿಸಿತು. ೧೯೭೫ರ ಏಪ್ರಿಲ್ ೧೯ರಂದು ಅದು ಸೋವಿಯತ್ ನೆಲದಿಂದ ಮೇಲೇರಿತು. ಮೇಲೆ ಹೋದ ಹಲಗೆಯನ್ನು ಕೆಳಗಿಳಿಸಿ ರಿಪೇರಿ ಮಾಡುವಂತಿಲ್ಲ. ಆದ್ದರಿಂದ ಅದರ ಪರೀಕ್ಷೆಯೆಲ್ಲ ನೆಲದ ಮೇಲೆ ಮೊದಲೇ ಮುಗಿಯಬೇಕಿತ್ತು. ತಗಡಿನ ಸೂರಿನ ಶೆಡ್ಡುಗಳಲ್ಲಿ ಇಂತಹ ಕಟ್ಟುನಿಟ್ಟು ಸಾಧ್ಯ ಎಂಬುದು ಆ ಪ್ರದೇಶದ ಕೈಗಾರಿಕಾ ಸ್ಮೃತಿಯ ಭಾಗವಾಗಿ ಉಳಿದಿದೆ.

ಗಣಕದ ವಿಷಯಕ್ಕೆ ಬಂದರೆ, ೧೯೭೮ರಲ್ಲಿ ಐಬಿಎಂ ಭಾರತದಿಂದ ಹೊರನಡೆದ ಹೊತ್ತಿಗೆ ಇಲ್ಲಿನ ಸಂಸ್ಥೆಗಳು ತಾವೇ ಗಣಕ ಕಟ್ಟುವ ಪ್ರಯತ್ನದಲ್ಲಿದ್ದವು. ಬೆಂಗಳೂರಿನ ಪಿಎಸ್‌ಐ ಡೇಟಾ ಸಿಸ್ಟಮ್ಸ್ ೧೯೭೬ರಷ್ಟು ಹಿಂದಿನದು. ವಿಪ್ರೊ ೧೯೮೦ರ ದಶಕದ ಆರಂಭದಲ್ಲಿ ಈ ಕ್ಷೇತ್ರಕ್ಕೆ ಬಂದು ಮೈಸೂರಿನಲ್ಲಿ ತಯಾರಿಕೆಗಿಳಿಯಿತು. ಈ ಹಂತದಲ್ಲಿ ಹಲಗೆಯ ಗುಣದೋಷ ತಯಾರಕನ ಹೊಣೆಯಾಗಿತ್ತೇ ಹೊರತು ಕೊಳ್ಳುವವನ ಚಿಂತೆಯಾಗಿರಲಿಲ್ಲ. ಗಣಕ ಕೊಂಡ ಬ್ಯಾಂಕಾಗಲಿ ಸರ್ಕಾರಿ ಇಲಾಖೆಯಾಗಲಿ ಮುಚ್ಚಳ ತೆಗೆದು ನೋಡುತ್ತಿರಲಿಲ್ಲ.

ಮುಚ್ಚಳ ತೆರೆಸಿದ್ದು ಐಬಿಎಂ ಪಿಸಿ. ೧೯೮೧ರ ಆಗಸ್ಟ್ ೧೨ರಂದು ಹೊರಬಂದ ಈ ಯಂತ್ರದ ವಿನ್ಯಾಸ ಬಹುಮಟ್ಟಿಗೆ ತೆರೆದದ್ದಾಗಿತ್ತು. ಯಾರು ಬೇಕಾದರೂ ಅದಕ್ಕೆ ಹೊಂದುವ ಕಾರ್ಡುಗಳನ್ನು ಮಾಡಬಹುದಿತ್ತು. ಅದರ ಬೋರ್ಡಿನಲ್ಲಿ ಐದು ಸ್ಲಾಟುಗಳಿದ್ದವು, ೧೯೮೩ರ ಎಕ್ಸ್‌ಟಿಯಲ್ಲಿ ಎಂಟಾದವು. ತೆರೆಯ ಮೇಲೆ ಚಿತ್ರ ಮೂಡಿಸಲು ಒಂದು ಕಾರ್ಡು, ಡಿಸ್ಕಿಗೆ ಒಂದು, ಪ್ರಿಂಟರಿಗೆ ಒಂದು ಎಂದು ಚುಚ್ಚುತ್ತ ಹೋದರೆ ಸ್ಲಾಟುಗಳು ಬೇಗ ತುಂಬಿಬಿಡುತ್ತಿದ್ದವು. ೧೯೮೪ರ ಗಣಕ ನೀತಿಯ ನಂತರ ಭಾರತದಲ್ಲಿ ಪಿಸಿಗಳ ತಯಾರಿಕೆ ಮತ್ತು ಆಮದು ಸಡಿಲವಾಗುತ್ತಿದ್ದಂತೆ ‘ಎಷ್ಟು ಸ್ಲಾಟು ಖಾಲಿ ಇದೆ’ ಎಂಬ ಪ್ರಶ್ನೆ ಕೊಳ್ಳುವವರ ಬಾಯಿಗೂ ಬಂದಿತು.

ಕನ್ನಡದ ಮಟ್ಟಿಗೆ ಈ ಪ್ರಶ್ನೆಗೆ ವಿಶೇಷವಾದ ಅರ್ಥವಿತ್ತು. ಕಾನ್ಪುರದ ಐಐಟಿಯಲ್ಲಿ ೧೯೮೦ರ ದಶಕದಲ್ಲಿ ನಡೆದ ಸಂಶೋಧನೆಯನ್ನು ಮುಂದುವರಿಸಿ ಪುಣೆಯ ಸಿ-ಡ್ಯಾಕ್ ಸಂಸ್ಥೆ ಜಿಸ್ಟ್ ಕಾರ್ಡ್ ಎಂಬ ಹಲಗೆಯನ್ನು ರೂಪಿಸಿತು. ಅದನ್ನು ಮದರ್‌ಬೋರ್ಡಿನ ಸ್ಲಾಟಿಗೆ ಚುಚ್ಚಿದರೆ ಇಂಗ್ಲಿಷ್ ಮಾತ್ರ ಬಲ್ಲ ಗಣಕದ ತೆರೆಯ ಮೇಲೆ ದೇವನಾಗರಿ, ಕನ್ನಡ, ತಮಿಳು ಮೊದಲಾದ ಲಿಪಿಗಳು ಮೂಡುತ್ತಿದ್ದವು. ೧೯೯೧ರಲ್ಲಿ ಇಸ್ಕೀ ಸಂಕೇತ ಭಾರತೀಯ ಮಾನಕವಾಯಿತು. ಅಂದರೆ ಆ ಕೆಲವು ವರ್ಷಗಳಲ್ಲಿ, ಈ ಕಾರ್ಡನ್ನು ನೆಚ್ಚಿದ ಕಚೇರಿಯಲ್ಲಿ ಗಣಕಕ್ಕೆ ಕನ್ನಡ ಬರುವುದು ಬಿಡುವುದು ಒಂದು ಖಾಲಿ ಸ್ಲಾಟಿನ ಮೇಲೆ ನಿಂತಿತ್ತು. ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದವು. ೨೦೦೧ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಅಕ್ಷರರೂಪದೊಡನೆ ಯೂನಿಕೋಡ್ ಕನ್ನಡವನ್ನು ಒಳಗೊಂಡಿತು. ಕನ್ನಡ ಹಲಗೆಯಿಂದ ತಂತ್ರಾಂಶಕ್ಕೆ ಸ್ಥಳಾಂತರಗೊಂಡಿತು. ಕನ್ನಡ ಗಣಕೀಕರಣದ ಚರಿತ್ರೆಯನ್ನು ಬರೆಯುವವರು ಅಕ್ಷರರೂಪಗಳ ಮತ್ತು ಕೀಲಿಮಣೆಗಳ ವಿವಾದಕ್ಕೆ ಕೊಡುವ ಪುಟಗಳಲ್ಲಿ ಒಂದೆರಡನ್ನಾದರೂ ಈ ಸ್ಲಾಟಿಗೆ ಮೀಸಲಿಡುವುದು ನ್ಯಾಯ.

೧೯೯೦ರ ದಶಕದ ಉತ್ತರಾರ್ಧದಲ್ಲಿ ಪರೀಕ್ಷೆಯ ಕೇಂದ್ರ ಬೆಂಗಳೂರು ಪೇಟೆಗೆ ಸರಿಯಿತು. ಪುರಭವನದಿಂದ ಹೆಚ್ಚು ದೂರವಿಲ್ಲದ ಎಸ್.ಪಿ. ರಸ್ತೆ ಬಿಡಿಭಾಗಗಳ ಸಂತೆಯಾಯಿತು. ೧೯೯೭ರಲ್ಲಿ ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿದ ನಂತರ ಇಂತಹ ಸರಕಿನ ಮೇಲಿನ ಸುಂಕ ಹಂತಹಂತವಾಗಿ ಇಳಿಯಿತು. ಬ್ರಾಂಡೆಡ್ ಗಣಕಕ್ಕಿಂತ ಕಡಿಮೆ ಬೆಲೆಗೆ, ಬೇಕಾದಂತೆ ಜೋಡಿಸಿಕೊಂಡ ‘ಅಸೆಂಬಲ್ಡ್’ ಗಣಕ ಮಧ್ಯಮ ವರ್ಗದ ಮನೆಗಳಿಗೂ ಸಣ್ಣ ಕಾರ್ಖಾನೆಗಳಿಗೂ ಹೋಯಿತು. ಇದೇ ಕಾಲದಲ್ಲಿ ಬೋರ್ಡಿನ ಸ್ವರೂಪವೂ ಬದಲಾಯಿತು. ಹಿಂದೆ ಕಾರ್ಡುಗಳಾಗಿ ಬರುತ್ತಿದ್ದ ಧ್ವನಿ, ಚಿತ್ರ, ಜಾಲಸಂಪರ್ಕಗಳೆಲ್ಲ ಬೋರ್ಡಿನ ಮೇಲೆಯೇ ಬೆಸುಗೆಗೊಂಡು ಬರತೊಡಗಿದವು. ‘ಎಲ್ಲಾ ಆನ್‌ಬೋರ್ಡ್’ ಎಂಬುದು ಅಂಗಡಿಯ ಹೊಗಳಿಕೆಯ ಮಾತಾಯಿತು. ಸೌಲಭ್ಯಸಮೃದ್ಧ ಬೋರ್ಡು ಎಂಬ ಕಲ್ಪನೆ ಹುಟ್ಟಿದ್ದು ಇಲ್ಲಿ. ಡಬ್ಬಿಯ ಮೇಲೆ ಸೌಲಭ್ಯಗಳ ಪಟ್ಟಿ ಉದ್ದವಾದಷ್ಟೂ ಬೋರ್ಡು ಉತ್ತಮವೆಂದು ಕೊಳ್ಳುವವನು ನಂಬಿದ. ಅನುಭವಿ ಜೋಡಣೆಗಾರ ಅಷ್ಟು ಸುಲಭವಾಗಿ ನಂಬಲಿಲ್ಲ. ಈ ಎರಡು ನೋಟಗಳ ನಡುವಿನ ಎಳೆದಾಟವೇ ಮುಂದಿನ ಚರಿತ್ರೆಯ ಮುಖ್ಯ ಎಳೆ.

ಜೋಡಣೆಗಾರನ ಪರೀಕ್ಷೆ ಕಣ್ಣಿನಿಂದ ಆರಂಭವಾಗುತ್ತದೆ. ಬೋರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು ಹಲಗೆ ಬಾಗಿದೆಯೇ ಎಂದು ನೋಡುತ್ತಾನೆ. ಸಾಕೆಟ್ಟಿನ ಸುತ್ತ ನಿಂತಿರುವ ಕೆಪಾಸಿಟರುಗಳ ತಲೆಯನ್ನು ಗಮನಿಸುತ್ತಾನೆ. ಇವು ಸಣ್ಣ ಡ್ರಮ್ಮಿನ ಆಕಾರದವು. ತಲೆಯ ಮೇಲೆ ಒಡೆಯಲೆಂದೇ ಗೀರು ಹಾಕಿರುತ್ತಾರೆ. ಒಳಗಿನ ದ್ರವ ಕೆಟ್ಟಾಗ ತಲೆ ಉಬ್ಬುತ್ತದೆ, ಕಂದು ಬಣ್ಣದ ಕಸರು ಹೊರಬರುತ್ತದೆ. ೧೯೯೯ರಿಂದ ೨೦೦೭ರವರೆಗೆ ಲೋಕದಾದ್ಯಂತ ಹಲವು ತಯಾರಕರ ಬೋರ್ಡುಗಳನ್ನು ಕಾಡಿದ ಕೆಪಾಸಿಟರ್ ಪಿಡುಗು ಬೆಂಗಳೂರಿನ ಮೆಕ್ಯಾನಿಕ್ಕುಗಳಿಗೆ ಪತ್ರಿಕೆಗಳಿಂದ ತಿಳಿಯುವ ಅಗತ್ಯವಿರಲಿಲ್ಲ. ಅವರ ಮೇಜಿನ ಮೇಲೆಯೇ ಉಬ್ಬಿದ ತಲೆಗಳು ಸಾಲುಗಟ್ಟಿದ್ದವು. ದನದ ಹೊಟ್ಟೆ ಉಬ್ಬರವನ್ನು ಕಂಡು ರೋಗ ಹೇಳುವ ರೈತನ ಕಣ್ಣಿಗೂ ಇದಕ್ಕೂ ಹೆಚ್ಚು ದೂರವಿಲ್ಲ. ದಶಕದ ನಡುವಿನ ಹೊತ್ತಿಗೆ ಘನ ಪಾಲಿಮರ್ ಕೆಪಾಸಿಟರುಗಳು ಬಂದಾಗ ತಯಾರಕರು ಅದನ್ನೇ ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚುಹಾಕಿದರು. ಕಸುಬಿನವರ ದೂರೇ ಮಾರಾಟದ ಘೋಷಣೆಯಾಗಿ ಮರಳಿತು.

ಅನಂತರದ್ದು ಹಚ್ಚಿ ನೋಡುವ ಪರೀಕ್ಷೆ. ಬೋರ್ಡನ್ನು ಕ್ಯಾಬಿನೆಟ್ಟಿಗೆ ಕೂರಿಸುವ ಮುನ್ನವೇ ಅದರ ರಟ್ಟಿನ ಡಬ್ಬಿಯ ಮೇಲಿಟ್ಟು, ಪ್ರೊಸೆಸರನ್ನೂ ಒಂದು ರ್‍ಯಾಮ್ ಪಟ್ಟಿಯನ್ನೂ ಹಾಕಿ, ಸ್ವಿಚ್ಚಿನ ಎರಡು ಕಡ್ಡಿಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಕ್ಷಣಮಾತ್ರ ಕೂಡಿಸುತ್ತಾರೆ. ತೆರೆಯ ಮೇಲೆ ಅಕ್ಷರ ಮೂಡಿದರೆ ‘ಡಿಸ್‌ಪ್ಲೇ ಬಂತು’. ಬಾರದಿದ್ದರೆ ಬೀಪಿನ ಎಣಿಕೆ ಕೇಳುತ್ತಾರೆ, ರ್‍ಯಾಮಿನ ಹೊನ್ನಿನ ಅಂಚನ್ನು ಶಾಲಾ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಹಾಕುತ್ತಾರೆ, ಅದಕ್ಕೂ ಜಗ್ಗದಿದ್ದರೆ ಎರಡು ಅಂಕಿ ತೋರಿಸುವ ಪರೀಕ್ಷಾ ಕಾರ್ಡನ್ನು ಚುಚ್ಚುತ್ತಾರೆ. ಇದಾವುದೂ ತಯಾರಕರ ಕೈಪಿಡಿಯಲ್ಲಿ ಈ ಕ್ರಮದಲ್ಲಿ ಇಲ್ಲ. ಒಬ್ಬರನ್ನೊಬ್ಬರು ನೋಡಿ ಕಲಿತದ್ದು. ಹಿಂಬದಿಯ ಪೋರ್ಟುಗಳಿಗೆ ೧೯೯೯ರ ಪಿಸಿ ಮಾರ್ಗಸೂಚಿ ಬಣ್ಣಗಳನ್ನು ಗೊತ್ತುಮಾಡಿದ್ದೂ ಈ ಕಲಿಕೆಗೆ ಒದಗಿತು: ಕೀಲಿಮಣೆಗೆ ನೇರಳೆ, ಮೌಸಿಗೆ ಹಸಿರು. ಇಂಗ್ಲಿಷ್ ಓದಲು ಬಾರದ ಹುಡುಗನೂ ಬಣ್ಣ ನೋಡಿ ಜೋಡಿಸಿದ.

ಸೌಲಭ್ಯಗಳ ಪಟ್ಟಿಯನ್ನು ಒರೆಗೆ ಹಚ್ಚುವುದು ಇದಕ್ಕಿಂತ ಸೂಕ್ಷ್ಮವಾದ ಕೆಲಸ. ಈಚಿನ ಬೋರ್ಡುಗಳನ್ನೇ ತೆಗೆದುಕೊಳ್ಳಬಹುದು. ಡಬ್ಬಿಯ ಮೇಲೆ ಎರಡು ಅಥವಾ ಮೂರು ಎಂ.೨ ಸ್ಲಾಟುಗಳು, ಆರು ಸಾಟಾ ಪೋರ್ಟುಗಳು ಎಂದಿರುತ್ತದೆ. ಅನೇಕ ಮಾದರಿಗಳಲ್ಲಿ ಎರಡನೆಯ ಎಂ.೨ ಸ್ಲಾಟಿಗೆ ಸಂಗ್ರಾಹಕವನ್ನು ಚುಚ್ಚಿದ ಕೂಡಲೇ ಒಂದೆರಡು ಸಾಟಾ ಪೋರ್ಟುಗಳು ಸತ್ತಂತಾಗುತ್ತವೆ, ಏಕೆಂದರೆ ಇಬ್ಬರಿಗೂ ಹಾದಿ ಒಂದೇ. ಈ ಸಂಗತಿ ಕೈಪಿಡಿಯ ಅಡಿಟಿಪ್ಪಣಿಯಲ್ಲಿ ಮಾತ್ರ ಇರುತ್ತದೆ. ಪ್ರೊಸೆಸರಿಗೆ ಬೇಕಾದದ್ದು ಒಂದು ವೋಲ್ಟಿನ ಆಸುಪಾಸಿನ ಒತ್ತಡದಲ್ಲಿ ಹತ್ತಾರು ಆಂಪಿಯರ್ ವಿದ್ಯುತ್ತು. ೧೨ ವೋಲ್ಟನ್ನು ಹಾಗೆ ಇಳಿಸುವ ಮಂಡಲಗಳನ್ನು ಫೇಸುಗಳೆಂದು ಎಣಿಸುತ್ತಾರೆ. ಒಂದೇ ಸಂಕೇತವನ್ನು ಎರಡಾಗಿ ಸೀಳುವ ಬಿಲ್ಲೆಯನ್ನಿಟ್ಟು ಎಂಟನ್ನು ಹದಿನಾರೆಂದು ಹೇಳುವ ರೂಢಿಯೂ ಉಂಟು. ಅಷ್ಟೇ ಅಲ್ಲ. ಆನ್‌ಬೋರ್ಡ್ ಸೌಲಭ್ಯ ಕೆಟ್ಟರೆ ಕಾರ್ಡಿನಂತೆ ಕಿತ್ತು ಬದಲಿಸಲಾಗದು. ಜಾಲಸಂಪರ್ಕದ ಚಿಪ್ಪಿಗೆ ಸಿಡಿಲಿನ ಪೆಟ್ಟು ಬಿದ್ದು ಇಡೀ ಬೋರ್ಡನ್ನೇ ಬದಲಿಸಬೇಕಾದ ಪ್ರಸಂಗಗಳು ಮುಂಗಾರಿಗೆ ಮುಂಚಿನ ಮಳೆಯ ದಿನಗಳಲ್ಲಿ ಸಾಮಾನ್ಯ. ಹಾಗಾಗಿ ‘ಎಲ್ಲವೂ ಇದೆ’ ಎಂಬುದು ‘ಎಲ್ಲವೂ ಒಟ್ಟಿಗೆ ಹೋಗಬಹುದು’ ಎಂಬುದೂ ಆಗಿರುತ್ತದೆ.

ಇಂಗ್ಲಿಷಿನ ಗಣಕ ಪತ್ರಿಕೆಗಳು ಬೋರ್ಡುಗಳನ್ನು ಪ್ರಯೋಗಾಲಯದಲ್ಲಿ ಓಡಿಸಿ ಅಂಕ ಕೊಟ್ಟವು. ಕನ್ನಡದಲ್ಲಿಯೂ ಯು.ಬಿ. ಪವನಜ ಅವರಂತಹವರ ಅಂಕಣಗಳಿಂದ ಉಪಕರಣ ವಿಮರ್ಶೆಯೆಂಬ ಬರವಣಿಗೆ ನೆಲೆಗೊಂಡಿತು. ಇಂತಹ ವಿಮರ್ಶೆಯ ಬುಡದಲ್ಲಿ ಒಂದು ನಂಬಿಕೆಯಿದೆ: ಒಂದು ಮಾದರಿಯ ಬೋರ್ಡುಗಳೆಲ್ಲ ಒಂದೇ, ಒಂದನ್ನು ಪರೀಕ್ಷಿಸಿದರೆ ಎಲ್ಲವನ್ನೂ ಪರೀಕ್ಷಿಸಿದಂತೆ. ಎತ್ತಿನ ವಿಷಯದಲ್ಲಿ ಯಾರೂ ಹೀಗೆ ಹೇಳಲಾರರು. ಹಳ್ಳಿಕಾರ್ ತಳಿಯೆಂದ ಮಾತ್ರಕ್ಕೆ ಬಾಯಿ ಬಿಡಿಸದೆ ಕೊಳ್ಳುವವರಿಲ್ಲ. ಆದರೆ ಬೋರ್ಡಿನ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಆವೃತ್ತಿಯ ಸಂಖ್ಯೆ ಅಚ್ಚಾಗಿರುತ್ತದೆ. ಹೆಸರು ಅದೇ ಉಳಿದು, ೧.೦ ಇದ್ದದ್ದು ೨.೦ ಆದಾಗ ಒಳಗಿನ ಭಾಗಗಳು ಅಗ್ಗವಾಗಿರುವುದೂ ಉಂಟು. ಪತ್ರಿಕೆ ಹೊಗಳಿದ ಬೋರ್ಡು ಒಂದು, ಅಂಗಡಿ ಕೊಟ್ಟ ಬೋರ್ಡು ಇನ್ನೊಂದು. ಮೂಲೆಯ ಆ ಸಂಖ್ಯೆಯನ್ನು ಮೊದಲು ನೋಡುವವನೇ ಕಸುಬು ಬಲ್ಲವನು. ಹೀಗಾಗಿ ಯಂತ್ರಯುಗದ ಸರಕು ಕೂಡ ಕೊನೆಗೆ ಜಾತ್ರೆಯ ಎತ್ತಿನಂತೆ ಒಂದೊಂದಾಗಿಯೇ ನೋಡಿಸಿಕೊಳ್ಳುತ್ತದೆ. ನಂಬಿಕೆಯ ಅಂಶವೂ ಇಲ್ಲದಿಲ್ಲ. ‘ಈ ಕಂಪನಿ ನಮಗೆ ಆಗಿಬಂದಿದೆ’, ‘ಅದು ಆಗಿಬರಲಿಲ್ಲ’ ಎಂಬ ಮಾತುಗಳು ಸುಳಿ ನೋಡುವ ಮಾತಿನ ಜಾಡಿನವೇ. ಇದನ್ನು ಮೌಢ್ಯವೆನ್ನುವಂತಿಲ್ಲ. ಎಷ್ಟು ಬೋರ್ಡು ಮಾರಿದರೆ ಎಷ್ಟು ವಾಪಸು ಬಂದವು ಎಂಬ ಬರೆದಿಡದ ಲೆಕ್ಕ ಆ ಒಂದು ಕ್ರಿಯಾಪದದಲ್ಲಿ ಅಡಗಿದೆ.

ತುಮಕೂರು ರಸ್ತೆಯ ಕೈಗಾರಿಕಾ ಪಟ್ಟಿಗೆ ಬಂದಾಗ ಪರೀಕ್ಷೆಯ ಮಾನದಂಡವೇ ಬೇರೆಯಾಗುತ್ತದೆ. ೧೯೭೦ರ ದಶಕದಿಂದ ಬೆಳೆದ ಪೀಣ್ಯ ತುಂಬಿ, ಸಣ್ಣ ಕಾರ್ಯಾಗಾರಗಳು ದಾಸನಪುರ ಹೋಬಳಿಯ ಮಾದನಾಯಕನಹಳ್ಳಿ, ಮಾಕಳಿಗಳವರೆಗೆ ಚಾಚಿಕೊಂಡವು. ಇಲ್ಲಿಯ ಮುಖ್ಯ ಕಸುಬು ಲೋಹ ಕಡೆಯುವುದು. ಗಣಕನಿಯಂತ್ರಿತ ಲೇತುಗಳಿಗೆ ಭಾಗದ ಆಕಾರವನ್ನು ತಿಳಿಸುವ ಪ್ರೋಗ್ರಾಮನ್ನು ಮೇಜಿನ ಗಣಕದಿಂದ ಕಳಿಸಲು ಬಹುಕಾಲ ಬಳಕೆಯಲ್ಲಿದ್ದುದು ಆರ್‌ಎಸ್-೨೩೨ ಎಂಬ ಸೀರಿಯಲ್ ಕೇಬಲ್ಲು. ಹಳೆಯ ವಿಶೇಷ ಯಂತ್ರಗಳಲ್ಲಿ ನಿಯಂತ್ರಣ ಕಾರ್ಡು ನೇರವಾಗಿ ಐಎಸ್‌ಎ ಸ್ಲಾಟಿನಲ್ಲಿ ಕೂತಿರುತ್ತಿತ್ತು. ಲೆಕ್ಕಪತ್ರದ, ವಿನ್ಯಾಸದ ತಂತ್ರಾಂಶಗಳ ಬೀಗವನ್ನು ಪ್ರಿಂಟರಿನ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಕಾಲವೂ ಒಂದಿತ್ತು. ಪೇಟೆ ಹಳತೆಂದು ಬಿಟ್ಟ ಈ ಮೂರು ಇಲ್ಲಿ ಸೌಲಭ್ಯಗಳು. ೧೯೯೯ರ ಸುಮಾರಿಗೆ ಹೊಸ ಬೋರ್ಡುಗಳಿಂದ ಐಎಸ್‌ಎ ಸ್ಲಾಟು ಮಾಯವಾಗತೊಡಗಿದಾಗ, ಅನಂತರ ಸೀರಿಯಲ್ ಪೋರ್ಟು ಹಿಂಬದಿಯಿಂದ ಮರೆಯಾದಾಗ, ನಗರದ ಮನೆಗಳಲ್ಲಿ ಯಾರೂ ಗಮನಿಸಲಿಲ್ಲ. ಇಲ್ಲಿ ಮಾತ್ರ ಅದು ಸುದ್ದಿಯಾಯಿತು. ಹತ್ತಾರು ಲಕ್ಷದ ಯಂತ್ರವೊಂದು ಕೆಲವು ಸಾವಿರ ರೂಪಾಯಿಯ ಹಳೆಯ ಬೋರ್ಡಿನ ಆಯುಷ್ಯಕ್ಕೆ ಗಂಟುಬಿದ್ದಿತ್ತು.

ಈ ಪಟ್ಟಿಯಲ್ಲಿ ಬೋರ್ಡು ನೋಡುವವನು ಡಬ್ಬಿಯ ಮೇಲಿನ ಚಿತ್ರವಿನ್ಯಾಸ, ಬಣ್ಣದ ದೀಪಗಳನ್ನು ಲೆಕ್ಕಿಸುವುದಿಲ್ಲ. ಹಲಗೆಯ ಅಂಚಿನಲ್ಲಿ ‘ಕಾಮ್’ ಎಂದು ಬರೆದ ಒಂಬತ್ತು ಕಡ್ಡಿಗಳ ಸಾಲು ಇದೆಯೇ ಎಂದು ಹುಡುಕುತ್ತಾನೆ. ಹಿಂಬದಿಯಲ್ಲಿ ಪೋರ್ಟು ಇಲ್ಲದಿದ್ದರೂ ಅನೇಕ ಬೋರ್ಡುಗಳಲ್ಲಿ ಈ ಕಡ್ಡಿಗಳು ಉಳಿದಿವೆ; ಒಂದು ಪಟ್ಟಿಕೇಬಲ್ಲು ಸಿಕ್ಕಿಸಿದರೆ ಪೋರ್ಟು ಹೊರಬರುತ್ತದೆ. ತಯಾರಕರು ಜಾಹೀರಾತಿನಲ್ಲಿ ಎಂದೂ ಹೇಳದ ಸೌಲಭ್ಯವಿದು. ಅದಾದ ಮೇಲೆ ಅರ್ತಿಂಗಿನ ಪರೀಕ್ಷೆ. ಯಂತ್ರದ ನೆಲಸಂಪರ್ಕಕ್ಕೂ ಗಣಕದ ನೆಲಸಂಪರ್ಕಕ್ಕೂ ವ್ಯತ್ಯಾಸವಿದ್ದರೆ, ಚಾಲನೆಯಲ್ಲಿರುವಾಗ ಕೇಬಲ್ಲು ಚುಚ್ಚಿದ ಕ್ಷಣವೇ ಪೋರ್ಟು ಸುಡುತ್ತದೆ. ಕ್ಯಾಬಿನೆಟ್ಟಿನ ಮೈಗೆ ಟೆಸ್ಟರ್ ಮುಟ್ಟಿಸಿ ದೀಪ ಮಿನುಗಿದರೆ ಬೋರ್ಡಿನ ದೋಷವಲ್ಲ, ಕಟ್ಟಡದ ದೋಷ ಎಂಬುದು ಇಲ್ಲಿಯ ಅನುಭವಿಗಳಿಗೆ ಗೊತ್ತು. ಲೋಹದ ಸೂಕ್ಷ್ಮ ಪುಡಿ, ಕಟಿಂಗ್ ಎಣ್ಣೆಯ ಆವಿ, ಮೇಲೆಕೆಳಗಾಗುವ ವೋಲ್ಟೇಜು ಇವುಗಳ ನಡುವೆ ಬದುಕುವ ಬೋರ್ಡೇ ಈ ಸೀಮೆಯಲ್ಲಿ ಒಳ್ಳೆಯ ಬೋರ್ಡು. ಪ್ರಯೋಗಾಲಯದ ಅಂಕಪಟ್ಟಿಯಲ್ಲಿ ಇವಕ್ಕೆ ಕಾಲಮ್ಮಿಲ್ಲ.

ಆಯುಧಪೂಜೆಯ ದಿನ ಲೇತಿಗೆ, ಸ್ಪ್ಯಾನರುಗಳಿಗೆ ಆಗುವ ಪೂಜೆ ಗಣಕಕ್ಕೂ ಆಗುತ್ತದೆ. ಕುಂಕುಮ, ವಿಭೂತಿ, ಸೇವಂತಿಗೆ ಹೂವು, ಬೂದುಗುಂಬಳಕಾಯಿ. ಜಾನಪದ ಅಧ್ಯಯನಕಾರರು ಈ ದೃಶ್ಯವನ್ನು ಪರಂಪರೆ ಮತ್ತು ಆಧುನಿಕತೆಯ ಸಂಗಮವೆಂದು ಬಣ್ಣಿಸಿ ಮುಂದೆ ಹೋಗುವುದುಂಟು. ಮೆಕ್ಯಾನಿಕ್ಕುಗಳ ಕಾಳಜಿ ಬೇರೆ: ಕುಂಕುಮದ ಪುಡಿ ಕ್ಯಾಬಿನೆಟ್ಟಿನ ಫ್ಯಾನಿನ ಮೂಲಕ ಒಳಗೆ ಹೋಗಬಾರದು. ಆದಕಾರಣ ಅನೇಕ ಕಡೆ ಪೂಜೆಗೆ ಮುನ್ನ ಮುಚ್ಚಳ ತೆಗೆದು ವರ್ಷದ ಧೂಳನ್ನು ಬ್ಲೋವರಿನಿಂದ ಊದಿ, ಕೆಪಾಸಿಟರುಗಳನ್ನು ನೋಡಿ, ಮತ್ತೆ ಮುಚ್ಚಿ, ಮೇಲೆ ಬೊಟ್ಟಿಡುತ್ತಾರೆ. ಆಯುಧಪೂಜೆ ಅಲ್ಲಿ ವಾರ್ಷಿಕ ತಪಾಸಣೆಯೂ ಹೌದು.

ಮಾದನಾಯಕನಹಳ್ಳಿಗೆ ಅಂಟಿಕೊಂಡಂತಿರುವ ಮಾದಾವರದಲ್ಲಿ ೨೦೦೭ರಲ್ಲಿ ಬೆಂಗಳೂರು ಅಂತಾರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ ಆರಂಭವಾಯಿತು. ೨೦೨೪ರ ನವೆಂಬರಿನಲ್ಲಿ ಮೆಟ್ರೊ ರೈಲು ಅಲ್ಲಿಯವರೆಗೆ ಬಂದಿತು. ೨೦೨೩ರ ಸೆಪ್ಟೆಂಬರಿನಲ್ಲಿ ಅಲ್ಲಿ ನಡೆದದ್ದು ವಿದ್ಯುನ್ಮಾನ ತಯಾರಿಕೆಯ ದೊಡ್ಡ ಮೇಳ. ಬೆಸುಗೆಯ ಗುಣವನ್ನು ಕ್ಯಾಮರಾದಿಂದ ತಾನೇ ಅಳೆಯುವ ಯಂತ್ರಗಳು ಇಂತಹ ಮೇಳಗಳ ಮಾಮೂಲಿ ಸರಕು. ಜಾಲಹಳ್ಳಿಯ ಭೂತಗನ್ನಡಿಯ ಕೆಲಸವನ್ನು ಅವು ಸೆಕೆಂಡುಗಳಲ್ಲಿ ಮುಗಿಸುತ್ತವೆ. ಹೊಸ ಹಲಗೆಗೆ ಅದು ಸರಿ. ಹತ್ತು ವರ್ಷ ದುಡಿದ ಹಲಗೆಯ ಯೋಗ್ಯತೆಯನ್ನು ಹೇಳುವ ಯಂತ್ರ ಯಾವ ಮೇಳದಲ್ಲಿಯೂ ಮಾರಾಟಕ್ಕಿಲ್ಲ.

ಮದರ್‌ಬೋರ್ಡಿನ ಕೊನೆಯ ಪರೀಕ್ಷೆ ಗುಜರಿಯಲ್ಲಿ ನಡೆಯುತ್ತದೆ. ಇಲ್ಲಿ ಸೌಲಭ್ಯಗಳಿಗೆ ಬೆಲೆಯಿಲ್ಲ, ಲೋಹಕ್ಕೆ ಮಾತ್ರ. ಬೋರ್ಡಿನ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ತಾಮ್ರ. ಸ್ಲಾಟು, ಸಾಕೆಟ್ಟು, ಕಡ್ಡಿಗಳ ಮೇಲೆ ತೆಳುವಾದ ಚಿನ್ನದ ಲೇಪ. ಒಂದು ಟನ್ ಗಣಕ ಹಲಗೆಗಳಲ್ಲಿ ಸುಮಾರು ೧೦೦ರಿಂದ ೨೫೦ ಗ್ರಾಂ ಚಿನ್ನವಿರುತ್ತದೆಂದು ಅಂದಾಜು. ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದ ಕೋಲಾರದ ಚಿನ್ನದ ಗಣಿ ಕೊನೆಯ ವರ್ಷಗಳಲ್ಲಿ ಒಂದು ಟನ್ ಅದಿರಿನಿಂದ ಕೆಲವೇ ಗ್ರಾಂ ಚಿನ್ನ ತೆಗೆಯುತ್ತಿತ್ತು. ಗಣಿಗಿಂತ ಶ್ರೀಮಂತವಾದ ಅದಿರು ಗುಜರಿಯ ಮೂಲೆಯಲ್ಲಿ ಬಿದ್ದಿದೆ.

ಕಸದಿಂದ ಹೊನ್ನು ಬೇರ್ಪಡಿಸುವ ಕಸುಬು ಕನ್ನಡನಾಡಿಗೆ ಹೊಸತಲ್ಲ. ಜಲಗಾರ ಎಂಬ ಪದಕ್ಕೆ, ಕುವೆಂಪು ಅವರ ನಾಟಕದಿಂದಾಗಿ, ಬೀದಿ ಗುಡಿಸುವವನೆಂಬ ಅರ್ಥವೇ ಇಂದು ಮೊದಲು ನೆನಪಾಗುತ್ತದೆ. ಹೊಳೆಯ ಮರಳನ್ನೂ ಅಕ್ಕಸಾಲಿಯ ಅಂಗಡಿಯ ಧೂಳನ್ನೂ ತೊಳೆದು ಚಿನ್ನದ ಕಣ ಆಯುವವನು ಎಂಬುದು ಅದರ ಇನ್ನೊಂದು ಅರ್ಥ. ಧಾರವಾಡ ಸೀಮೆಯ ಕಪ್ಪತಗುಡ್ಡದ ಸುತ್ತ ಇಂತಹ ಜಲಗಾರರು ಹತ್ತೊಂಬತ್ತನೆಯ ಶತಮಾನದಲ್ಲಿಯೂ ಇದ್ದರೆಂದು ಬ್ರಿಟಿಷ್ ದಾಖಲೆಗಳು ಹೇಳುತ್ತವೆ. ೧೮೦೨ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಕೋಲಾರ ಸೀಮೆಗೆ ಬಂದಾಗ ಅಲ್ಲಿಯ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡ. ಎಲ್ಲಿಯ ಮಣ್ಣಿನಲ್ಲಿ ಚಿನ್ನವಿದೆ ಎಂಬ ಜ್ಞಾನ ಹಳ್ಳಿಗರದು. ಗಣಿಯ ಪರವಾನಗಿ ಮಾತ್ರ ಮೈಕೆಲ್ ಲ್ಯಾವೆಲ್‌ನ ಹೆಸರಿಗೆ ಬಂದಿತು.

ಬೆಂಗಳೂರಿನ ಗೌರಿಪಾಳ್ಯ, ನಾಯಂಡಹಳ್ಳಿಗಳ ಇಕ್ಕಟ್ಟಿನ ಓಣಿಗಳಲ್ಲಿ ಹಲಗೆ ಬಿಡಿಸುವವರು ಈ ಕಾಲದ ಜಲಗಾರರು. ಅವರ ವಿಂಗಡಣೆ ನಿಖರವಾದದ್ದು. ಹಳೆಯ ೩೮೬, ೪೮೬ ಕಾಲದ ಬೋರ್ಡುಗಳ ಲೇಪ ದಪ್ಪವೆಂದು ಅವನ್ನು ಬೇರೆ ಇಡುತ್ತಾರೆ. ಹೊಸ ಬೋರ್ಡಿನ ಲೇಪ ತೆಳುವೆಂದು ಕಡಿಮೆ ಬೆಲೆ ಕಟ್ಟುತ್ತಾರೆ. ಆದರೆ ಹಲಗೆಯನ್ನು ಬೆಂಕಿಯ ಮೇಲೆ ಕಾಸಿ ಬೆಸುಗೆ ಕರಗಿಸುವಾಗ ಹಳೆಯ ಬೆಸುಗೆಯ ಸೀಸ, ಸುಟ್ಟ ರಾಳದ ವಿಷಧೂಮ ಉಸಿರಿಗೆ ಸೇರುತ್ತವೆ. ಚಿನ್ನ ಬಿಡಿಸುವ ಆಮ್ಲ ಚರಂಡಿಗೆ ಹರಿಯುತ್ತದೆ. ಯುರೋಪಿನ ಕಾನೂನು ೨೦೦೬ರ ಜುಲೈ ೧ರಿಂದ ಹೊಸ ಉಪಕರಣಗಳಲ್ಲಿ ಸೀಸವನ್ನು ನಿರ್ಬಂಧಿಸಿತಾದರೂ ಗುಜರಿಗೆ ಬರುವುದು ಅದಕ್ಕಿಂತ ಹಿಂದಿನ ಸರಕೂ ಹೌದು. ೨೦೦೫ರಲ್ಲಿ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಸಂಸ್ಥೆ ಆರಂಭವಾಯಿತು. ದೇಶದ ಮೊದಮೊದಲ ಅಧಿಕೃತ ಇ-ತ್ಯಾಜ್ಯ ಸಂಸ್ಕರಣಾ ಘಟಕಗಳಲ್ಲಿ ಅದು ಒಂದು. ಶಿವಗಂಗೆಯ ಬೆಟ್ಟ ಅಲ್ಲಿಗೆ ಕಾಣುವಷ್ಟು ಹತ್ತಿರ. ೨೦೧೧ರ ನಿಯಮಗಳು ೨೦೧೨ರ ಮೇ ೧ರಿಂದ ಜಾರಿಗೆ ಬಂದವು, ೨೦೧೬ರಲ್ಲಿ ಬದಲಾದವು, ೨೦೨೨ರ ನಿಯಮಗಳು ೨೦೨೩ರ ಏಪ್ರಿಲ್ ೧ರಿಂದ ನಡೆಯುತ್ತಿವೆ. ನೋಂದಾಯಿತರಲ್ಲದವರು ಇ-ತ್ಯಾಜ್ಯವನ್ನು ಸಂಸ್ಕರಿಸುವಂತಿಲ್ಲ. ಆರೋಗ್ಯದ ದೃಷ್ಟಿಯಿಂದ ಇದು ಅಗತ್ಯವಾದ ನಿಯಮವೇ. ಆದರೆ ಬೋರ್ಡನ್ನು ಕೈಗೆತ್ತಿಕೊಂಡ ಕೂಡಲೇ ಅದರ ಕಾಲ, ಮಾದರಿ, ಲೇಪಗಳನ್ನು ಹೇಳಬಲ್ಲ ಕಣ್ಣುಗಳನ್ನು ನೋಂದಾಯಿಸುವ ಕಾಲಂ ಯಾವ ನಮೂನೆಯಲ್ಲಿಯೂ ಇಲ್ಲ. ಬೆಂಕಿ ಮತ್ತು ಆಮ್ಲಗಳಿಂದ ಈ ಜನರನ್ನು ದೂರವಿಟ್ಟು ಅವರ ವಿಂಗಡಣೆಯ ಅರಿವನ್ನು ಉಳಿಸಿಕೊಳ್ಳುವ ದಾರಿ ಅಸಾಧ್ಯವಾದುದೇನಲ್ಲ; ಬಿಡಿಸುವ, ವಿಂಗಡಿಸುವ ಕೆಲಸ ಅವರಲ್ಲಿಯೇ ಉಳಿದು ಲೋಹ ತೆಗೆಯುವ ಕೆಲಸ ಮಾತ್ರ ಅಧಿಕೃತ ಘಟಕಕ್ಕೆ ಹೋಗಬೇಕು.

ಈ ಅರಿವಿನ ಬೆಲೆ ತಿಳಿಯುವ ಒಂದು ಸಂದರ್ಭವಿದೆ. ಕಚೇರಿಯೊಂದರ ಹಳೆಯ ಗಣಕಗಳು ಮೂಟೆಯಾಗಿ ಗುಜರಿಗೆ ಬರುತ್ತವೆ. ಮೂಟೆ ಬಿಚ್ಚಿದಾಗ ನಡುವೆ ಒಂದು ಬೋರ್ಡಿನಲ್ಲಿ ಕಪ್ಪು ಬಣ್ಣದ ಉದ್ದನೆಯ ಐಎಸ್‌ಎ ಸ್ಲಾಟುಗಳು ಎರಡು ಮೂರು ಕಾಣುತ್ತವೆ. ದಪ್ಪ ಲೇಪದ ಬೋರ್ಡಾದ್ದರಿಂದ ಲೋಹದ ಲೆಕ್ಕದಲ್ಲಿ ಅದು ಆಮ್ಲಕ್ಕೆ ಮೊದಲು ಹೋಗಬೇಕಾದದ್ದು. ಬಲ್ಲ ಗುಜರಿಯವನು ಅದನ್ನು ಎತ್ತಿ ಪಕ್ಕಕ್ಕಿಡುತ್ತಾನೆ, ಕೆಪಾಸಿಟರುಗಳ ತಲೆ ನೋಡುತ್ತಾನೆ, ತುಕ್ಕು ಹಿಡಿದ ಬ್ಯಾಟರಿಯನ್ನು ಕಿತ್ತು ಅದರ ಕೆಳಗಿನ ಗೆರೆಗಳು ಸವೆದಿವೆಯೇ ಎಂದು ಉಗುರಿನಿಂದ ತೀಡುತ್ತಾನೆ. ಗೆರೆಗಳು ಗಟ್ಟಿಯಿದ್ದರೆ ಬೋರ್ಡು ಚಿಪ್ ಲೆವೆಲ್ ರಿಪೇರಿಯವನ ಮೇಜಿಗೆ ಹೋಗುತ್ತದೆ. ಅಲ್ಲಿಂದ ತುಮಕೂರು ರಸ್ತೆಯ ಯಾವುದೋ ಶೆಡ್ಡಿನಲ್ಲಿ ನಿಂತುಹೋಗಿರುವ ಯಂತ್ರವೊಂದಕ್ಕೆ. ಸ್ಲಾಟಿನ ಗುರುತು ಹತ್ತದವನ ಕೈಗೆ ಸಿಕ್ಕರೆ ಅದೇ ಬೋರ್ಡು ತೂಕಕ್ಕೆ ಹೋಗುತ್ತದೆ.